ಪರದೇಶಿ ಗಡ್ಡೆ, ಮನೆಯ ತಿಪ್ಪೆ

ಅಳ್ನಾವರದ ನಿಲ್ದಾಣದಲ್ಲಿ ಹಳಿಯು ಕವಲೊಡೆದು, ಒಂದು ಲೋಂಡೆಯನ್ನು ದಾಟಿ ಗೋವೆಗೂ ಮತ್ತೊಂದು ಕಾಡಿನೊಳಹೊಕ್ಕು ದಾಂಡೇಲಿಗೂ ಹೋಗುತ್ತದೆ. ಬೆಂಗಳೂರಿನವರು ಆಲೂಗಡ್ಡೆಯೆನ್ನುವುದನ್ನು ಈ ಸೀಮೆಯವರು ಬಟಾಟಿ ಎನ್ನುವುದು ಆ ಗೋವೆಯ ದಿಕ್ಕಿನ ಋಣವೇ, ಪೋರ್ತುಗೀಜರ ಶಬ್ದವದು. ಹೆಸರು ಪಡುವಣದಿಂದ ಬಂದರೆ ಬೀಜ ಬಡಗಣದಿಂದ ಬರುತ್ತದೆ: ಧಾರವಾಡ–ಬೆಳಗಾವಿಯ ರೈತನು ಮುಂಗಾರಿಗೆ ಊರುವ ಗಡ್ಡೆ ಬಹುಮಟ್ಟಿಗೆ ಪಂಜಾಬದ ಜಾಲಂಧರದ್ದು.

ಇದಕ್ಕೆ ಕಾರಣ ಆಲಸ್ಯವಲ್ಲ. ನಂಜುರೋಗಗಳನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವ ಸಸ್ಯಹೇನು ಉತ್ತರದ ಬಯಲಿನಲ್ಲಿ ಚಳಿಗಾಲದ ಕೆಲವು ವಾರ ವಿರಳವಾಗುತ್ತದೆಂಬುದನ್ನು ಕಂಡುಕೊಂಡು, ಆ ಅವಧಿಯಲ್ಲೇ ಬೀಜದ ಗಡ್ಡೆಯನ್ನು ಬೆಳೆದು, ಹೇನು ಹೆಚ್ಚುವ ಮುನ್ನ ಸೊಪ್ಪನ್ನು ಕೊಯ್ದುಬಿಡುವ ಕ್ರಮವನ್ನು ಆಲೂಗಡ್ಡೆಯ ವಿಜ್ಞಾನಿ ಪುಷ್ಕರನಾಥರು ರೂಢಿಗೆ ತಂದರು. ನಮ್ಮ ಪ್ರಸ್ಥಭೂಮಿಗೆ ಅಂಥ ನಿರ್ಭಯ ಕಾಲವಿಲ್ಲ.

ಆದರೆ ಗೊಬ್ಬರದ ವಿದ್ಯೆಯಲ್ಲಿ ನಾವು ಯಾರ ಸಾಲಗಾರರೂ ಅಲ್ಲ. ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡರು ಇಂದೂರಿನಲ್ಲಿ ಯಶವಂತ ವಾಡರೊಡನೆ ಕಸ, ಸಗಣಿಗಳನ್ನು ಪದರಪದರವಾಗಿ ಒಟ್ಟಿ ಮಗುಚುವ ವಿಧಾನವನ್ನು 1931ರಲ್ಲಿ ಗ್ರಂಥಸ್ಥಗೊಳಿಸಿದರು. ಮಗುಚದೆ ಗುಂಡಿಯಲ್ಲೇ ಕಳಿಯಿಸುವ ಇನ್ನೊಂದು ಕ್ರಮ ಸಿ. ಎನ್. ಆಚಾರ್ಯರಿಂದ ಬಂದು ಬೆಂಗಳೂರಿನ ಹೆಸರನ್ನೇ ಪಡೆಯಿತು. ಹಿತ್ತಲಿನ ತಿಪ್ಪೆಗೆ ಇವೆರಡೂ ಶಾಸ್ತ್ರೀಯ ಭಾಷ್ಯಗಳೆಂದರೆ ನನ್ನ ಪಕ್ಷಪಾತವೆನ್ನಿಸಬಹುದು; ಅನ್ನಿಸಲಿ.

ಹೋವರ್ಡರು 1940ರ ತಮ್ಮ ಕೃತಿಯಲ್ಲಿ ಬೇರಿಗೂ ಶಿಲೀಂಧ್ರಕ್ಕೂ ಇರುವ ಸಖ್ಯವನ್ನು ಬಹುವಾಗಿ ಕೊಂಡಾಡಿದರು. ಆ ಬೇರುಶಿಲೀಂಧ್ರವು ರಂಜಕವನ್ನು ಬೇರಿಗೆಟುಕದ ದೂರದಿಂದ ತಂದುಕೊಟ್ಟು, ಪ್ರತಿಯಾಗಿ ಗಿಡದ ಸಕ್ಕರೆಯನ್ನುಣ್ಣುವುದು. ಪ್ರಯೋಗಾಲಯದ ಬರಿಯ ಬಟ್ಟಲಿನ ಆಹಾರದಲ್ಲಿ ಅದು ವೃದ್ಧಿಯಾಗದು; ಜೋಳದಂಥ ಯಾವುದಾದರೊಂದು ಸಜೀವ ಬೇರೇ ಬೇಕು. ಟ್ರೈಕೋಡರ್ಮಾ ಎಂಬ ಇನ್ನೊಂದು ಶಿಲೀಂಧ್ರ ಇಷ್ಟು ಮಾನವತಿಯಲ್ಲ: ಹದವಾಗಿ ತೇವಗೊಳಿಸಿದ ಹಳೆಯ ಗೊಬ್ಬರದಲ್ಲಿ ಬೆರೆಸಿ, ನೆರಳಲ್ಲಿ ಗೋಣಿ ಮುಚ್ಚಿಟ್ಟರೆ, ಮೊದಲು ಬಿಳಿಯ ನೂಲು, ವಾರ ಕಳೆಯುವುದರೊಳಗೆ ಹಸಿರು ಪುಡಿ. ಗಡ್ಡೆಗೆ ಕರಿಹುರುಕು ಹಚ್ಚುವ ಶಿಲೀಂಧ್ರವನ್ನು ಇದು ಸುತ್ತಿ ಹೀರುತ್ತದೆ.

ಆದರೂ ಬೀಜದೊಳಗೇ ಸೇರಿಬಂದ ನಂಜನ್ನು ಯಾವ ಗೊಬ್ಬರವೂ ತೊಳೆಯದು. ಮಳೆಗಾಲದ ಮೋಡ ಕವಿದಾಗ ಎರಗುವ ಅಂಗಮಾರಿಯನ್ನೂ ಇವು ಪೂರ್ತಿಯಾಗಿ ತಡೆಯಲಾರವು. ಆದಕಾರಣ ಮನೆಯ ಗೊಬ್ಬರದೊಡನೆ ನಂಜಿಲ್ಲದ ಬೀಜವೂ ಬೇಕು: ಮೃಗಶಿರೆಯ ಹೊತ್ತಿಗೆ ಸಾಲು ಹೊಡೆದ ಕೆಂಪು ಮಣ್ಣಿನಲ್ಲಿ, ಗೋಣಿಯಡಿಯಿಂದ ತೆಗೆದ ಹಸಿರು ಬೂಷ್ಟಿನ ಒಂದು ಹಿಡಿ ಗೊಬ್ಬರ ಮೊದಲು ಬೀಳುತ್ತದೆ. ಅದರ ಮೇಲೆ, ಮೊಳಕೆ ಮೇಲ್ಮುಖವಾಗಿ, ಜಾಲಂಧರದ ಗಡ್ಡೆ.