ಪೋಲು ತಡೆಯಲ್ಲಿ ನೌಕರರ ಪಾಲು

ಕಾರ್ಖಾನೆ, ಕಚೇರಿ, ಆಸ್ಪತ್ರೆ, ಹೋಟೆಲುಗಳಲ್ಲಿ ಕಚ್ಚಾ ಸಾಮಗ್ರಿ, ವಿದ್ಯುತ್ತು, ನೀರು, ಊಟ, ಸಮಯ ಪೋಲಾಗುವುದನ್ನು ನೌಕರರೇ ಮುಂದೆ ನಿಂತು ತಡೆಯುವಂತೆ ಮಾಡುವ ಏರ್ಪಾಡುಗಳು ಕೈಗಾರಿಕಾ ಆಡಳಿತದ ಒಂದು ಮುಖ್ಯ ಭಾಗ. ಸಲಹಾ ಯೋಜನೆ, ಗುಣಮಟ್ಟ ವೃತ್ತ (ಕೆಲಸದ ತೊಂದರೆಗಳನ್ನು ಕೂಡಿ ಬಗೆಹರಿಸುವ ನೌಕರರ ಸಣ್ಣ ಗುಂಪು), ಉಳಿತಾಯದಲ್ಲಿ ಪಾಲು ಇವೆಲ್ಲ ಅದರ ರೂಪಗಳು. ಎಲ್ಲಿ ಏನು ಪೋಲಾಗುತ್ತಿದೆ ಎಂಬುದು ಯಂತ್ರದ ಎದುರು ನಿಂತವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅವರು ಅದನ್ನು ಹೇಳುತ್ತಾರೋ ಇಲ್ಲವೋ ಎಂಬುದು, ಹೇಳಿದರೆ ತಮಗೇನಾಗುತ್ತದೆ ಎಂಬ ಅವರ ಲೆಕ್ಕಾಚಾರಕ್ಕೆ ಬಿಟ್ಟದ್ದು. ಬಹುಮಾನದ ಮೊತ್ತಕ್ಕಿಂತ ಈ ಲೆಕ್ಕಾಚಾರವೇ ಇಂಥ ಯೋಜನೆಗಳ ಹಣೆಬರಹವನ್ನು ನಿರ್ಧರಿಸಿದೆ.

ಹಿನ್ನೆಲೆ

ಕೆಲಸಗಾರರ ಸಲಹೆಗೆ ಬಹುಮಾನ ಕೊಡುವ ಕ್ರಮಬದ್ಧ ಯೋಜನೆಗಳಲ್ಲಿ ತೀರ ಹಳೆಯವುಗಳಲ್ಲೊಂದು ಸ್ಕಾಟ್‌ಲೆಂಡಿನ ಡಂಬಾರ್ಟನ್ನಿನ ವಿಲಿಯಂ ಡೆನ್ನಿ ಹಡಗು ಕಾರ್ಖಾನೆಯದು. ಅದು 1880ರಲ್ಲಿ ಶುರುವಾಯಿತು. ಅಮೆರಿಕದಲ್ಲಿ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ 1894ರಲ್ಲೂ ಕೊಡಕ್ 1898ರಲ್ಲೂ ಇದೇ ದಾರಿ ಹಿಡಿದವು. ಕಿಟಕಿ ತೊಳೆಸಿದರೆ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆ ಎಂದು ತಿಳಿಸಿದ ಕೆಲಸಗಾರನಿಗೆ ಕೊಡಕ್‌ ಎರಡು ಡಾಲರ್ ಕೊಟ್ಟಿತು. ಅದು ಅಲ್ಲಿನ ಮೊದಲ ಬಹುಮಾನ.

ಆ ಕಾಲದ ಬಹುಪಾಲು ಕಾರ್ಖಾನೆಗಳಲ್ಲಿ ಮಾತ್ರ ಕೆಲಸಗಾರ ಬಾಯಿ ಬಿಡುತ್ತಿರಲಿಲ್ಲ. ಪೀಸ್‌ರೇಟ್ ಕೂಲಿಯಲ್ಲಿ ಯಾರಾದರೂ ಜಾಣತನದಿಂದ ಹೆಚ್ಚು ಮಾಲು ತೆಗೆದರೆ ಮಾಲೀಕರು ದರವನ್ನೇ ಇಳಿಸಿಬಿಡುತ್ತಿದ್ದರು. ಕೆಲಸಗಾರರು ಬೇಕೆಂದೇ ನಿಧಾನ ಮಾಡುವುದಕ್ಕೆ ಈ ಭಯವೂ ಕಾರಣವೆಂದು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ತನ್ನ 1911ರ ಗ್ರಂಥದಲ್ಲಿ ಗುರುತಿಸಿದ್ದ. ಆದರೆ ಅವನು ಸೂಚಿಸಿದ ಪರಿಹಾರದಲ್ಲಿ ಯೋಚನೆ ಎಂಜಿನಿಯರನದು, ದುಡಿಮೆ ಕೆಲಸಗಾರನದು. ಪೋಲನ್ನು ದಿನವೂ ಕಣ್ಣಾರೆ ಕಾಣುವವರನ್ನೇ ಆ ವಿಂಗಡಣೆ ಹೊರಗಿಟ್ಟಿತು.

ಇದಕ್ಕೆ ಎದುರಾದ ದಾರಿಯನ್ನು ತೋರಿಸಿದ ಜೋಸೆಫ್ ಸ್ಕ್ಯಾನ್ಲನ್ ಕಾರ್ಮಿಕ ಸಂಘದಿಂದ ಬಂದವನು. 1930ರ ದಶಕದ ಕೊನೆಯಲ್ಲಿ ಒಹಾಯೊದ ಮ್ಯಾನ್ಸ್‌ಫೀಲ್ಡಿನ ಉಕ್ಕಿನ ಕಾರ್ಖಾನೆಯೊಂದು ಮುಚ್ಚುವ ಸ್ಥಿತಿಗೆ ಬಂದಾಗ, ಅಲ್ಲಿನ ಸಂಘದ ಅಧ್ಯಕ್ಷನಾಗಿದ್ದ ಅವನು ಆಡಳಿತದವರೂ ಕಾರ್ಮಿಕರೂ ಒಟ್ಟಿಗೆ ಕೂತು ದಂಡಖರ್ಚು ಹುಡುಕುವ ಸಮಿತಿಗಳನ್ನು ಕಟ್ಟಿದ. ಮುಂದೆ ಅವನ ಹೆಸರಿನಲ್ಲೇ ಬೆಳೆದ ಯೋಜನೆಯಲ್ಲಿ ಸಲಹೆ ಕೊಟ್ಟ ಒಬ್ಬನಿಗೆ ಬಹುಮಾನವಿಲ್ಲ; ಮಾಲಿನ ಬೆಲೆಯಲ್ಲಿ ಕೂಲಿಯ ಪಾಲು ಹಿಂದಿನ ಪ್ರಮಾಣಕ್ಕಿಂತ ಕಡಿಮೆಯಾದಾಗ ಉಳಿದ ಹಣದ ಪಾಲು ಬೋನಸ್ಸಾಗಿ ಇಡೀ ಕಾರ್ಖಾನೆಯ ನೌಕರರಿಗೆ ಸಿಗುತ್ತದೆ. ಹಾಗಾಗಿ ಒಬ್ಬನ ಉಪಾಯ ಪಕ್ಕದವನಿಗೆ ಕಸಿವಿಸಿ ತರುವುದಿಲ್ಲ.

ಟೊಯೊಟಾದ ಪದ್ಧತಿ

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಅಭ್ಯಾಸಕ್ಕೆ ಒಳಗಾದ ಉದಾಹರಣೆ ಜಪಾನಿನ ಟೊಯೊಟಾ. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಹೋಗಿ, ನೌಕರರನ್ನು ಕಡಿಮೆ ಮಾಡಲು ಹೊರಟು, ದೊಡ್ಡ ಮುಷ್ಕರ ಎದುರಿಸಿತು. ಸ್ಥಾಪಕ ಕಿಇಚಿರೊ ಟೊಯೊಡಾ ಅಧ್ಯಕ್ಷ ಪದವಿಯಿಂದ ಇಳಿಯಬೇಕಾಯಿತು. ಅದೇ ವರ್ಷ ಕಂಪನಿಯ ಐಜಿ ಟೊಯೊಡಾ ಮತ್ತು ಶೊಇಚಿ ಸೈತೊ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯ ಸಲಹಾ ಯೋಜನೆಯನ್ನು ನೋಡಿ ಬಂದರು. 1951ರಲ್ಲಿ ಟೊಯೊಟಾ ತನ್ನದೇ ಯೋಜನೆ ಆರಂಭಿಸಿತು. ಮೊದಲ ವರ್ಷಗಳಲ್ಲಿ ಅದು ಕುಂಟುತ್ತಲೇ ಸಾಗಿದರೂ ನಾಲ್ಕು ದಶಕಗಳಲ್ಲಿ ಬಂದ ಸಲಹೆಗಳು ಸುಮಾರು 2 ಕೋಟಿ. 1980ರ ದಶಕದ ಹೊತ್ತಿಗೆ ಬಂದ ಸಲಹೆಗಳಲ್ಲಿ ಬಹುಪಾಲು ಜಾರಿಗೂ ಬರುತ್ತಿದ್ದವು.

ಇದರ ಹಿಂದೆ ಕಂಪನಿಯ ಎಂಜಿನಿಯರ್ ತೈಇಚಿ ಒನೊ (1912–1990) ರೂಪಿಸಿದ ಉತ್ಪಾದನಾ ಪದ್ಧತಿಯಿದೆ. ಬೇಕಾದದ್ದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಸುಮ್ಮನೆ ಸಾಗಿಸುವುದು, ಅಗತ್ಯಕ್ಕೆ ಮೀರಿ ಸಂಸ್ಕರಿಸುವುದು, ದಾಸ್ತಾನು ಪೇರಿಸುವುದು, ಅನಗತ್ಯ ಓಡಾಟ, ದೋಷದ ಮಾಲು ಎಂದು ಅವನು ಪೋಲನ್ನು ಏಳು ಬಗೆಯಾಗಿ ವಿಂಗಡಿಸಿದ. ಮೊದಲನೆಯದೇ ಉಳಿದವಕ್ಕೆ ತಾಯಿಬೇರು ಎಂಬುದು ಅವನ ನಂಬಿಕೆ. ಈ ಪಟ್ಟಿ ಕೈಯಲ್ಲಿದ್ದರೆ ಶಾಲೆ ಹೆಚ್ಚು ಕಲಿಯದ ಕೆಲಸಗಾರನೂ ತನ್ನ ಜಾಗದಲ್ಲಿ ಏನನ್ನು ಹುಡುಕಬೇಕೆಂದು ತಿಳಿಯುತ್ತಾನೆ. ಜೊತೆಗೆ, ತಪ್ಪು ಕಂಡ ಕೂಡಲೇ ಹಗ್ಗ ಎಳೆದು ಮೇಲ್ವಿಚಾರಕನನ್ನು ಕರೆಯುವ, ಸರಿಹೋಗದಿದ್ದರೆ ಇಡೀ ಲೈನನ್ನು ನಿಲ್ಲಿಸುವ ಅಧಿಕಾರ ಅವನದು. ಹಗ್ಗ ಎಳೆದವನನ್ನು ಗದರುವಂತಿಲ್ಲ.

ಸಲಹೆಗೆ ಸಿಗುತ್ತಿದ್ದ ಹಣ ಬಹುಪಾಲು ಚಿಲ್ಲರೆ ಮೊತ್ತವೇ. ಸಲಹೆ ಮೊದಲು ಹೋಗುತ್ತಿದ್ದದ್ದು ನೇರ ಮೇಲಿನ ಮೇಸ್ತ್ರಿಯ ಕೈಗೆ. ಅವನು ಅದನ್ನು ತಿದ್ದಿ, ಪ್ರಯೋಗಕ್ಕೆ ಹಚ್ಚಿ, ಉತ್ತರ ಕೊಡುತ್ತಿದ್ದ. ಇತರೆಡೆ ಬೀಗ ಹಾಕಿದ ಸಲಹಾ ಪೆಟ್ಟಿಗೆಗಳು ತಿಂಗಳುಗಟ್ಟಲೆ ತೆರೆಯದೆ ದೂಳು ತಿಂದು ಸತ್ತದ್ದಕ್ಕೂ ಇಲ್ಲಿ ಸಲಹೆಗಳು ಬದುಕಿದ್ದಕ್ಕೂ ದೊಡ್ಡ ವ್ಯತ್ಯಾಸ ಈ ಉತ್ತರವೇ.

ಫ್ರೀಮಾಂಟಿನ ಪಾಠ

ಇದೆಲ್ಲ ಜಪಾನೀಯರ ಸ್ವಭಾವಕ್ಕಷ್ಟೇ ಒಗ್ಗುವಂಥದ್ದು ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಅದನ್ನು ಸುಳ್ಳು ಮಾಡಿತು. ಅಲ್ಲಿನ ಜನರಲ್ ಮೋಟಾರ್ಸ್ ಕಾರ್ಖಾನೆ ಗೈರುಹಾಜರಿ, ಜಗಳ, ಕಳಪೆ ಕಾರುಗಳಿಗೆ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ ಅದನ್ನು ನ್ಯುಮಿ ಎಂಬ ಹೆಸರಿನಲ್ಲಿ ತೆರೆದವು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳೆಯ ಕಾರ್ಖಾನೆಯವರೇ, ಕಾರ್ಮಿಕ ಸಂಘವೂ ಹಳೆಯದೇ. ನೂರಾರು ಮಂದಿಯನ್ನು ತರಬೇತಿಗಾಗಿ ಜಪಾನಿಗೆ ಕಳಿಸಲಾಯಿತು. ಕೆಲವೇ ಕಾಲದಲ್ಲಿ ಗೈರುಹಾಜರಿ ತೀರ ಇಳಿಯಿತು, ಕಾರಿನ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಸಮಕ್ಕೆ ಬಂತು.

ಒಪ್ಪಂದದ ಒಂದು ಕಲಮು ಇಲ್ಲಿ ಬಹಳ ಮುಖ್ಯ. ಕಂಪನಿಯ ಉಳಿವಿಗೇ ಧಕ್ಕೆ ಬಂದ ಹೊರತು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಹಾಗೆ ಬಂದರೂ ಮೊದಲು ಅಧಿಕಾರಿಗಳ ಸಂಬಳ ಕಡಿತವಾಗಬೇಕು ಎಂದು ಅದು ಹೇಳಿತ್ತು. 1988ರ ಹೊತ್ತಿಗೆ ಕಾರಿನ ಮಾರಾಟ ಕುಸಿದು ಲೈನಿನಲ್ಲಿ ಜನ ಹೆಚ್ಚಾದಾಗ ಆ ಮಾತನ್ನು ಉಳಿಸಿಕೊಳ್ಳಲಾಯಿತು. ಹೆಚ್ಚಾದವರಿಗೆ ತರಬೇತಿ ಕೊಟ್ಟು, ಸುಧಾರಣೆಯ ತಂಡಗಳಿಗೆ ಹಾಕಿದರು. ತನ್ನ ಉಪಾಯದಿಂದ ಇಬ್ಬರ ಕೆಲಸ ಒಬ್ಬನಿಂದ ಆಗುವಂತಾದರೆ ಆ ಇನ್ನೊಬ್ಬನ ಅನ್ನ ಹೋಗುತ್ತದೆ ಎಂದು ಗೊತ್ತಿರುವ ಯಾವ ಕೆಲಸಗಾರನೂ ಉಪಾಯ ಹೇಳುವುದಿಲ್ಲ. ಹೇಳಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. 2010ರಲ್ಲಿ ಕಾರ್ಖಾನೆ ಮುಚ್ಚಿದ್ದು ಜನರಲ್ ಮೋಟಾರ್ಸ್ ದಿವಾಳಿಯಾಗಿ ಪಾಲುದಾರಿಕೆಯಿಂದ ಹೊರಬಿದ್ದ ಬಳಿಕ.

ಪರಿಸರದ ದಾರಿ

1975ರಲ್ಲಿ ಅಮೆರಿಕದ ತ್ರೀಎಂ ಕಂಪನಿ, ಮಾಲಿನ್ಯವನ್ನು ಹೊಗೆಕೊಳವೆಯ ತುದಿಯಲ್ಲಿ ಹಿಡಿಯುವ ಬದಲು ಹುಟ್ಟುವಲ್ಲೇ ತಡೆಯುವ ಯೋಜನೆ ಹೂಡಿ, ನೌಕರರ ತಂಡಗಳು ತಾವಾಗಿ ಮುಂದೆ ಬರಲು ಕರೆ ಕೊಟ್ಟಿತು. ಜಾರ್ಜಿಯಾದ ನೆಲಹಾಸು ತಯಾರಕ ಇಂಟರ್‌ಫೇಸ್ ಇನ್ನೂ ಮುಂದೆ ಹೋಯಿತು. ಅದರ ಸ್ಥಾಪಕ ರೇ ಆಂಡರ್ಸನ್ 1994ರಲ್ಲಿ ಪಾಲ್ ಹಾಕನ್ ಬರೆದ ಪುಸ್ತಕವೊಂದನ್ನು ಓದಿ ತನ್ನ ಉದ್ಯಮ ಭೂಮಿಗೆ ಮಾಡುತ್ತಿರುವ ಹಾನಿಯನ್ನು ಮನಗಂಡ. ಮರುವರ್ಷ ಶುರುವಾದ ನೌಕರ ತಂಡಗಳ ಯೋಜನೆಯಲ್ಲಿ, ಗಿರಾಕಿಗೆ ಉಪಯೋಗವಿಲ್ಲದ ಖರ್ಚೆಲ್ಲ ಪೋಲೇ ಎಂದು ತೀರ್ಮಾನಿಸಲಾಯಿತು: ಕತ್ತರಿಸಿ ಬಿಸಾಡಿದ ಅಂಚು ಮಾತ್ರವಲ್ಲ, ತಪ್ಪು ವಿಳಾಸಕ್ಕೆ ಹೋದ ಮಾಲು, ತಪ್ಪು ಬಿಲ್ಲು ಕೂಡ. ಹದಿನೈದು ವರ್ಷಗಳಲ್ಲಿ ಹೀಗೆ ಉಳಿದ ಹಣ 40 ಕೋಟಿ ಡಾಲರಿಗೂ ಹೆಚ್ಚು.

ಹಣ, ಹೊಗಳಿಕೆ, ಗುರಿ

ಇಷ್ಟಪಟ್ಟು ಮಾಡುವ ಕೆಲಸಕ್ಕೆ ಹಣದ ಆಸೆ ಹಚ್ಚಿದರೆ, ಹಣ ನಿಂತ ಮೇಲೆ ಇಷ್ಟವೂ ತಗ್ಗಬಹುದು ಎಂಬುದನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ. ನೆದರ್ಲೆಂಡ್ಸಿನ ಕಂಪನಿಯೊಂದರ ನೌಕರರ ವಿದ್ಯುತ್ ಬಳಕೆಯನ್ನು ಗಮನಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗುಟ್ಟಾಗಿ ಕೊಟ್ಟ ಹಣಕ್ಕಿಂತ ಎಲ್ಲರೆದುರು ಆಡಿದ ಮೆಚ್ಚುಗೆಯ ಮಾತು ಹೆಚ್ಚು ಕೆಲಸ ಮಾಡಿತು. 2014ರಲ್ಲಿ ವರ್ಜಿನ್ ಅಟ್ಲಾಂಟಿಕ್ ವಿಮಾನ ಸಂಸ್ಥೆಯ 335 ಕ್ಯಾಪ್ಟನ್‌ಗಳ ಇಂಧನ ಉಳಿತಾಯವನ್ನು ಎಂಟು ತಿಂಗಳು ಅಳೆಯಲಾಯಿತು. ಅಳೆಯುತ್ತಿದ್ದಾರೆಂದು ತಿಳಿದದ್ದರಿಂದಲೇ ಎಲ್ಲರೂ ಸುಧಾರಿಸಿದರು. ಒಬ್ಬೊಬ್ಬರಿಗೂ ಅವರದೇ ಗುರಿ ಕೊಟ್ಟಾಗ ಮತ್ತಷ್ಟು ಸುಧಾರಿಸಿದರು. ಗುರಿ ಮುಟ್ಟಿದರೆ ಅವರ ಹೆಸರಿನಲ್ಲಿ ದತ್ತಿ ಕೊಡುತ್ತೇವೆ ಎಂದದ್ದರಿಂದ ಆ ಉಳಿತಾಯವೇನೂ ಹೆಚ್ಚಲಿಲ್ಲ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಕಾನೂನಿನ ಆಸರೆ ಹಳೆಯದು. ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಾರ್ಮಿಕರ ಪ್ರತಿನಿಧಿಗಳು ಆಡಳಿತದವರಿಗಿಂತ ಕಡಿಮೆಯಾಗದ ಸಂಖ್ಯೆಯಲ್ಲಿ ಕೂರುವ ವರ್ಕ್ಸ್ ಕಮಿಟಿಗೆ 1947ರ ಕೈಗಾರಿಕಾ ವಿವಾದ ಕಾಯ್ದೆ ಅವಕಾಶ ಮಾಡಿತ್ತು. 1976ರ ತಿದ್ದುಪಡಿಯಿಂದ ಆಡಳಿತದಲ್ಲಿ ಕಾರ್ಮಿಕರ ಭಾಗವಹಿಸುವಿಕೆ ಸಂವಿಧಾನದ 43ಎ ವಿಧಿಯಾಗಿ ಸೇರಿತು. ಜಪಾನಿನಲ್ಲಿ 1962ರಲ್ಲಿ ಕಓರು ಇಶಿಕಾವಾ ಅವರ ಮುಂದಾಳ್ತನದಲ್ಲಿ ಹುಟ್ಟಿದ ಗುಣಮಟ್ಟ ವೃತ್ತಗಳನ್ನು 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಇಲ್ಲಿಗೆ ತಂದಿತು.

ಟೊಯೊಟಾ ಪದ್ಧತಿ ಕರ್ನಾಟಕಕ್ಕೆ ನೇರವಾಗಿ ಬಂದದ್ದು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೂಲಕ. ಕಂಪನಿ 1997ರಲ್ಲಿ ಸ್ಥಾಪನೆಯಾಗಿ, 1999ರ ಕೊನೆಯಲ್ಲಿ ಕ್ವಾಲಿಸ್ ವಾಹನದೊಂದಿಗೆ ಉತ್ಪಾದನೆ ಶುರು ಮಾಡಿತು. 2020ರ ನವೆಂಬರಿನಲ್ಲಿ ಅಲ್ಲಿ ಮುಷ್ಕರವೂ ಲಾಕೌಟೂ ಆಗಿ ತಿಂಗಳುಗಟ್ಟಲೆ ಎಳೆಯಿತು. ಕಾರ್ಮಿಕ ಸಂಘದ ದೂರುಗಳಲ್ಲಿ ಕೆಲಸದ ಹೊರೆಯೂ ಒಂದು; ಕಂಪನಿ ಅದನ್ನು ಒಪ್ಪಲಿಲ್ಲ. ಪೋಲು ತೆಗೆಯುವುದು ಯಾವ ಹಂತದಲ್ಲಿ ದುಡಿಮೆಯನ್ನು ಬಿಗಿಯುವುದಾಗುತ್ತದೆ ಎಂಬ ವಾದ ಈ ಪದ್ಧತಿಯ ಜೊತೆಗೇ ಎಲ್ಲ ದೇಶಗಳಿಗೂ ಹೋಗಿದೆ. ಲೈನಿನಲ್ಲಿ ನಿಂತವರ ದೂರನ್ನೂ ಅವರ ಸಲಹೆಯಷ್ಟೇ ಗಂಭೀರವಾಗಿ ಕೇಳದೆ ಅದು ಬಗೆಹರಿಯದು.

ಕಚೇರಿಗಳಲ್ಲಿ ಇದರ ರೂಪ ಬೇರೆ. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹುಟ್ಟುವ ಸಂಸ್ಥೆಗಳನ್ನು 2016ರ ಘನತ್ಯಾಜ್ಯ ನಿಯಮಗಳು ದೊಡ್ಡ ಉತ್ಪಾದಕರೆಂದು ಕರೆದು, ಮೂಲದಲ್ಲೇ ವಿಂಗಡಿಸಬೇಕೆಂದವು. ಬೆಂಗಳೂರಿನಲ್ಲಿ ಹೈಕೋರ್ಟು ಅದಕ್ಕೂ ಮೊದಲೇ, 2015ರಲ್ಲಿ, ಹಸಿ ಕಸ, ಒಣ ಕಸ, ನೈರ್ಮಲ್ಯ ಕಸಗಳ ವಿಂಗಡಣೆಗೆ ಆದೇಶಿಸಿತ್ತು. ಕಚೇರಿಯ ಅಭಿಯಾನಗಳು ಸಾಮಾನ್ಯವಾಗಿ ಮೇಜಿನ ಮುಂದೆ ಕೂತವರನ್ನು ಉದ್ದೇಶಿಸಿರುತ್ತವೆ. ಆದರೆ ಯಾವ ಮಹಡಿಯ ಬುಟ್ಟಿಯಲ್ಲಿ ಊಟದ ಎಂಜಲು ಕಾಗದದ ಜೊತೆ ಬೆರೆಯುತ್ತದೆ, ಕ್ಯಾಂಟೀನಿನಲ್ಲಿ ಯಾವ ವಾರ ಯಾವ ಪಲ್ಯ ಹೆಚ್ಚು ಚೆಲ್ಲಿಹೋಗುತ್ತದೆ ಎಂಬುದು ಗೊತ್ತಿರುವುದು ಹೌಸ್‌ಕೀಪಿಂಗ್ ಮತ್ತು ಅಡುಗೆಮನೆಯ ಮಂದಿಗೆ. ಅವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಕಂಪನಿಯ ಸಲಹಾ ಯೋಜನೆ, ಬೋನಸ್ಸು, ಮೆಚ್ಚುಗೆಯ ಸಭೆಗಳಿಗೆ ಅವರು ಸೇರಬೇಕಾದರೆ ಗುತ್ತಿಗೆದಾರನ ಕರಾರಿನಲ್ಲೇ ಅದನ್ನು ಬರೆದಿರಬೇಕು, ಸಲಹೆ ಕೊಡುವ ಸಮಯಕ್ಕೂ ಕೂಲಿ ಸಲ್ಲಬೇಕು.