ಶೂನ್ಯ ಸಾಲು: ಡೇಟಾಬೇಸ್ ಪ್ರಶ್ನೆಗೆ ದಾಖಲೆ ಸಿಗದಾಗಿನ ನಿರ್ವಹಣೆ

ಡೇಟಾಬೇಸಿನಲ್ಲಿ ಹುಡುಕಿದಾಗ ಒಂದು ಸಾಲೂ ಸಿಗದಿದ್ದರೆ ಅದನ್ನು ದೋಷವೆನ್ನಬೇಕೆ, ಉತ್ತರವೆನ್ನಬೇಕೆ ಎಂಬ ಪ್ರಶ್ನೆಗೆ ಐದು ದಶಕಗಳ ಇತಿಹಾಸವಿದೆ. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ರಿಲೇಶನಲ್ ಮಾದರಿಯಲ್ಲಿ ಪ್ರತಿ ಹುಡುಕಾಟದ ಫಲವೂ ಒಂದು ಕೋಷ್ಟಕ. ಸಾಲಿಲ್ಲದ ಕೋಷ್ಟಕವೂ ಕೋಷ್ಟಕವೇ. ತೊಡಕು ಹುಟ್ಟಿದ್ದು, ಒಂದೊಂದೇ ಬೆಲೆಯನ್ನು ಬೇಡುವ ಪ್ರೋಗ್ರಾಮಿಂಗ್ ಭಾಷೆಗಳೊಳಗೆ ಡೇಟಾಬೇಸಿನ ಪ್ರಶ್ನೆ-ಭಾಷೆಯಾದ ಎಸ್‌ಕ್ಯೂಎಲ್ ಸೇರಿಕೊಂಡಾಗ. ಸಾಲು ಸಿಗದ ಸ್ಥಿತಿಗೆ ಐಬಿಎಂ +100 ಎಂಬ ಸಂಕೇತ ಕೊಟ್ಟಿತು. ದೋಷಗಳ ಸಂಕೇತಗಳು ಋಣಾತ್ಮಕವಾಗಿದ್ದವು. 1992ರ ಎಸ್‌ಕ್ಯೂಎಲ್ ಮಾನಕವೂ 02000 ಎಂಬ ಪ್ರತ್ಯೇಕ ಸ್ಥಿತಿಯನ್ನೇ ನಿಗದಿಪಡಿಸಿತು. 1988ರಲ್ಲಿ ಬಂದ ಒರಾಕಲ್‌ನ ಪಿಎಲ್/ಎಸ್‌ಕ್ಯೂಎಲ್ ಮಾತ್ರ ಅಡಾ ಭಾಷೆಯ ಜಾಡು ಹಿಡಿದು, 'ಸೆಲೆಕ್ಟ್ ಇಂಟು' ಬರಿಗೈಲಿ ಮರಳಿದರೆ 'ನೋ ಡೇಟಾ ಫೌಂಡ್' ಎಕ್ಸೆಪ್ಶನ್ ಎಬ್ಬಿಸಿತು. ಪೋಸ್ಟ್‌ಗ್ರೆಸ್ ಅದೇ ಜಾಗದಲ್ಲಿ ಸದ್ದಿಲ್ಲದೆ ನಲ್ (ಬೆಲೆಯಿಲ್ಲ ಎಂಬ ಗುರುತು) ತುಂಬುತ್ತದೆ. ಬಿಗಿ ಬೇಕೆನ್ನುವವರಿಗಾಗಿ 2006ರ 8.2 ಆವೃತ್ತಿ 'ಸ್ಟ್ರಿಕ್ಟ್' ಪದವನ್ನು ಸೇರಿಸಿತು.

ದೋಷಕ್ಕೂ ಖಾಲಿ ಉತ್ತರಕ್ಕೂ ಇರುವ ಈ ಭೇದದ ಬೆಲೆ ಕರ್ನಾಟಕದಲ್ಲಿ ಎದ್ದು ಕಾಣುವುದು ಜಮೀನಿನ ದಾಖಲೆಯಾದ ಪಹಣಿಯಲ್ಲಿ. ರಾಜ್ಯದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಲ್ಲವೂ ಹೊಂದಿದರಷ್ಟೇ ದಾಖಲೆ ಸಿಗುತ್ತದೆ. ಹಳಿಯಾಳ ತಾಲ್ಲೂಕಿನಲ್ಲಿದ್ದ ಅಂಬೇವಾಡಿ ದಾಂಡೇಲಿ ಹೊಸ ತಾಲ್ಲೂಕಾದಾಗ ಅದರೊಳಗೆ ಸೇರಿತು. ಇಂಥ ಊರನ್ನು ಹಳೆಯ ತಾಲ್ಲೂಕಿನಡಿ ಹುಡುಕಿ ಸಾಲು ಸಿಗದಿದ್ದರೆ, ಜಮೀನೇ ಇಲ್ಲ ಎಂದರ್ಥವಲ್ಲ; ಹಾಗೆಯೇ ಹಿಸ್ಸಾ ತಪ್ಪಿರಬಹುದು, ಪೋಡಿಯಾಗಿ (ಜಮೀನು ವಿಭಜನೆಯಾಗಿ) ನಂಬರು ಬದಲಾಗಿರಬಹುದು. ಸರ್ವರ್ ಸ್ಥಗಿತಗೊಂಡದ್ದು ಬೇರೆಯೇ ಸಂಗತಿ. ಎರಡಕ್ಕೂ 'ದಾಖಲೆ ಇಲ್ಲ' ಎಂಬ ಒಂದೇ ಸಂದೇಶ ತೋರಿಸಿದರೆ ರೈತ ಸುಮ್ಮನೆ ಕಚೇರಿಗೆ ಅಲೆಯುತ್ತಾನೆ.

ಇನ್ನು ಪ್ರೋಗ್ರಾಮಿನೊಳಗೆ ಎಕ್ಸೆಪ್ಶನ್ ಏಕೆ, ಮೊದಲು 'ಕೌಂಟ್' ಮಾಡಿ ನೋಡಿದರೆ ಸಾಲದೆ ಎಂಬ ಆಕ್ಷೇಪವಿದೆ. ಎಣಿಕೆಗೂ ಓದಿಗೂ ನಡುವೆ ಮತ್ತೊಬ್ಬರು ಸಾಲನ್ನು ಅಳಿಸಬಹುದು; ಆದ್ದರಿಂದ ಸಾಲದು. ಎಲ್ಲಕ್ಕೂ ನಲ್ ಸಾಕೆಂಬ ವಾದವೂ ನಿಲ್ಲದು: ಸಾಲಿದ್ದು ಅದರ ಅಂಕಣ ಖಾಲಿಯಿರುವುದಕ್ಕೂ ಸಾಲೇ ಇಲ್ಲದಿರುವುದಕ್ಕೂ ಆಗ ಅಂತರ ಉಳಿಯುವುದಿಲ್ಲ. 'ಮ್ಯಾಕ್ಸ್' ಬಳಸಿದರೆ ಹೊಂದುವ ಸಾಲಿಲ್ಲದಿದ್ದರೂ ನಲ್ ಇರುವ ಒಂದು ಸಾಲು ಮರಳುವುದರಿಂದ ಒರಾಕಲ್ ಎಕ್ಸೆಪ್ಶನ್ ಏಳುವುದೇ ಇಲ್ಲ. ಹಾಗೆಂದು ಪ್ರತಿ ಖಾಲಿ ಫಲಕ್ಕೂ ಎಕ್ಸೆಪ್ಶನ್ ಎಬ್ಬಿಸುವುದೂ ಸಲ್ಲ. ದಾಖಲೆ ಇರಲೇಬೇಕಾದ ಕಡೆ ಅದರ ಅಭಾವ ಎಕ್ಸೆಪ್ಶನ್. ಇದೆಯೇ ಎಂದು ಕೇಳಿದ ಕಡೆ ಅದು ಉತ್ತರ. ಈ ನಿರ್ಧಾರ ಪ್ರಶ್ನೆ ಕೇಳುವವರದು, ಡೇಟಾಬೇಸಿನದಲ್ಲ.