ಹುಲ್ಲಿಗೆ ಹಸಿರು ಎಲ್ಲಿಂದ ಬಂತು?

ಮಾರ್ಚ್ ತಿಂಗಳಲ್ಲಿ ಕುದುರೆಮುಖದ ಗುಡ್ಡಗಳಿಗೆ ಒಣ ಭತ್ತದ ಹುಲ್ಲಿನ ಬಣ್ಣ. ಜುಲೈನಲ್ಲಿ ಅದೇ ಗುಡ್ಡ ಕಣ್ಣು ತುಂಬುವಷ್ಟು ಹಸಿರು. ಮಣ್ಣು ಬದಲಾಗಿಲ್ಲ, ಬೇರೂ ಹಳೆಯದೇ. ಬೇಸಿಗೆಯಲ್ಲಿ ಒಣಗಿದ ಎಸಳುಗಳಲ್ಲಿ ಕರಗಿಹೋಗಿದ್ದ ಒಂದು ವಸ್ತು ಮಳೆಯ ನಂತರ ಹೊಸ ಎಸಳುಗಳಲ್ಲಿ ಮತ್ತೆ ತಯಾರಾಗಿದೆ, ಅಷ್ಟೇ. ಕನ್ನಡದಲ್ಲಿ ‘ಹಸಿ’ ಮತ್ತು ‘ಹಸಿರು’ ಒಂದೇ ಮೂಲದ ಮಾತುಗಳು. ನೀರಿನ ಪಸೆ ಇರುವುದಕ್ಕೂ ಎಲೆಯ ಬಣ್ಣಕ್ಕೂ ಇರುವ ನಂಟನ್ನು ನಮ್ಮ ಹಿರಿಯರು ಮಾತಿನಲ್ಲೇ ಕಟ್ಟಿಟ್ಟಿದ್ದಾರೆ.

ಪತ್ರಹರಿತ್ತು ಎಂಬ ವಸ್ತು

1817ರಲ್ಲಿ ಪ್ಯಾರಿಸಿನ ಇಬ್ಬರು ಔಷಧ ತಜ್ಞರು, ಪಿಯೆರ್ ಪೆಲ್ಟಿಯೆ ಮತ್ತು ಜೋಸೆಫ್ ಕಾವೆಂಟು, ಎಲೆಯಿಂದ ಹಸಿರನ್ನು ಬೇರ್ಪಡಿಸಿದರು. ಗ್ರೀಕ್ ಭಾಷೆಯ ‘ಹಸಿರು’ ಮತ್ತು ‘ಎಲೆ’ ಎಂಬ ಪದಗಳನ್ನು ಕೂಡಿಸಿ ಅದಕ್ಕೆ ಕ್ಲೋರೋಫಿಲ್ ಎಂದು ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳು ಇದನ್ನೇ ಪತ್ರಹರಿತ್ತು ಎನ್ನುತ್ತವೆ. ಇದೇ ಇಬ್ಬರು 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆದವರು. ಮಲೇರಿಯಾದ ಕಾಲವನ್ನು ಕಂಡ ಮಲೆನಾಡಿನ ಹಿರಿಯರಿಗೆ ಆ ಕಹಿಯನ್ನು ಬೇರೆ ಪರಿಚಯಿಸಬೇಕಿಲ್ಲ.

ಗಿಡಗಳಲ್ಲಿ ಮುಖ್ಯವಾಗಿ ಇರುವ ‘ಎ’ ಬಗೆಯ ಪತ್ರಹರಿತ್ತಿನ ಒಂದು ಅಣುವಿನಲ್ಲಿ 137 ಪರಮಾಣುಗಳಿವೆ. ಅವುಗಳಲ್ಲಿ ಮೆಗ್ನೀಸಿಯಂ ಒಂದೇ ಒಂದು. ನಾಲ್ಕು ಸಾರಜನಕ ಪರಮಾಣುಗಳ ಉಂಗುರದ ನಟ್ಟನಡುವೆ ಅದು ಕೂತಿದೆ. ನಮ್ಮ ರಕ್ತಕ್ಕೆ ಕೆಂಪು ಕೊಡುವ ಹೀಮ್‌ನಲ್ಲೂ ಇಂಥದೇ ಉಂಗುರವಿದೆ, ಆದರೆ ಅಲ್ಲಿ ನಡುವೆ ಕೂತಿರುವುದು ಕಬ್ಬಿಣ. ಹುಲ್ಲಿನ ಹಸಿರೂ ಅದನ್ನು ಮೇಯುವ ದನದ ರಕ್ತವೂ ರಸಾಯನಶಾಸ್ತ್ರದಲ್ಲಿ ಇಷ್ಟು ಹತ್ತಿರದ ನೆಂಟರು.

ಆ ಮೆಗ್ನೀಸಿಯಂ ಎಷ್ಟು ಸಡಿಲವಾಗಿ ಕೂತಿದೆ ಎಂಬುದು ಅಡುಗೆ ಮಾಡುವವರಿಗೆ ಗೊತ್ತು. ಸೊಪ್ಪು ಬೇಯುವಾಗ ಹುಣಸೆಹುಳಿ ಬಿದ್ದರೆ ಹಸಿರು ಮಂಕಾಗಿ ಕಂದಿನತ್ತ ತಿರುಗುತ್ತದೆ. ಹುಳಿಯಲ್ಲಿರುವ ಹೈಡ್ರೋಜನ್ ಮೆಗ್ನೀಸಿಯಂನ ಜಾಗ ಹಿಡಿದುಬಿಡುತ್ತದೆ. ಸೊಪ್ಪನ್ನು ಮುಚ್ಚಳ ಮುಚ್ಚದೆ ಬೇಯಿಸಬೇಕು ಎನ್ನುವ ಅಜ್ಜಿಯರ ಮಾತಿಗೂ ಇದೇ ಕಾರಣ: ಸೊಪ್ಪಿನದೇ ಆಮ್ಲದಲ್ಲಿ ಒಂದಷ್ಟು ಹಬೆಯ ಜೊತೆ ಹೊರಟುಹೋಗುತ್ತದೆ.

ಹಿಡಿದ ಬೆಳಕು, ಬಿಟ್ಟ ಬೆಳಕು

ಬಿಸಿಲು ಕಾಮನಬಿಲ್ಲಿನ ಎಲ್ಲ ಬಣ್ಣಗಳ ಬೆರಕೆ. ಪತ್ರಹರಿತ್ತು ಅದರಲ್ಲಿ ನೀಲಿಯನ್ನೂ ಕೆಂಪನ್ನೂ ಬಲವಾಗಿ ಹೀರುತ್ತದೆ. ನಡುವಿನ ಹಸಿರು, ಅಂದರೆ 550 ನ್ಯಾನೊಮೀಟರ್ ಆಸುಪಾಸಿನ ಬೆಳಕು, ಅದರ ಹಿಡಿತಕ್ಕೆ ಅಷ್ಟಾಗಿ ಸಿಗದೆ ಎಲೆಯಿಂದ ಚೆದುರಿ ನಮ್ಮ ಕಣ್ಣಿಗೆ ಬರುತ್ತದೆ. ಮನುಷ್ಯನ ಕಣ್ಣು ಹಗಲಲ್ಲಿ ಅತ್ಯಂತ ಚುರುಕಾಗಿರುವುದೂ 555 ನ್ಯಾನೊಮೀಟರಿನ ಹತ್ತಿರವೇ. ಹೀಗಾಗಿ ಎಲೆ ಬಿಟ್ಟುಕೊಟ್ಟ ಸ್ವಲ್ಪ ಬೆಳಕೂ ನಮಗೆ ದಂಡಿಯಾಗಿ ಕಾಣುತ್ತದೆ.

ಯಾವ ಬಣ್ಣ ಗಿಡಕ್ಕೆ ಹೆಚ್ಚು ಉಪಯೋಗ ಎಂಬುದನ್ನು ತೋರಿಸಿದ ಪ್ರಯೋಗಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಜರ್ಮನಿಯ ಥಿಯೋಡೋರ್ ಎಂಗೆಲ್ಮನ್ 1882ರಲ್ಲಿ ಮಾಡಿದ್ದು. ಅವರು ಪಾಚಿಯ ಒಂದು ಎಳೆಯ ಮೇಲೆ ಪಟ್ಟಕದಿಂದ ಒಡೆದ ಬೆಳಕು ಬೀಳುವಂತೆ ಮಾಡಿದರು. ಎಳೆಯ ಒಂದೊಂದು ತುಣುಕಿಗೆ ಒಂದೊಂದು ಬಣ್ಣ. ಜೊತೆಗೆ ಆಮ್ಲಜನಕ ಹುಡುಕಿಕೊಂಡು ಹೋಗುವ ಬ್ಯಾಕ್ಟೀರಿಯಾಗಳನ್ನು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಂಪು ಮತ್ತು ನೀಲಿ ಬಿದ್ದ ಕಡೆ ಅವು ಮುತ್ತಿಕೊಂಡವು. ಹಸಿರು ಬಿದ್ದಲ್ಲಿ ಅವು ವಿರಳ. ಅಳೆಯುವ ಯಂತ್ರವೇ ಇಲ್ಲದೆ, ಜೀವಿಗಳಿಂದಲೇ ಸಾಕ್ಷಿ ಹೇಳಿಸಿದ ಕೆಲಸ ಅದು.

ಆದರೆ ‘ಗಿಡಕ್ಕೆ ಹಸಿರು ಬೆಳಕು ಬೇಡ, ಅದಕ್ಕೇ ಹೊರಗೆ ಎಸೆಯುತ್ತದೆ’ ಎಂದು ತರಗತಿಗಳಲ್ಲಿ ಹೇಳುವ ಮಾತು ಅರ್ಧ ನಿಜ. ಅದನ್ನು ತಿದ್ದಲೇಬೇಕು. ಪಾಚಿಯ ತೆಳು ಎಳೆಯಲ್ಲಿ ಕಂಡದ್ದನ್ನು ದಪ್ಪ ಎಲೆಗೆ ಹಾಗೇ ಅನ್ವಯಿಸಲಾಗದು. ಎಲೆಯೊಳಗೆ ಕೋಶಗಳೂ ಗಾಳಿಯ ಸಂದುಗಳೂ ಪದರಪದರವಾಗಿವೆ. ಒಂದು ಚದರ ಮಿಲಿಮೀಟರ್ ಎಲೆಯಲ್ಲಿ ಸುಮಾರು 5 ಲಕ್ಷ ಕ್ಲೋರೋಪ್ಲಾಸ್ಟ್‌ಗಳಿರುತ್ತವೆ. ಪತ್ರಹರಿತ್ತಿನ ಮನೆಗಳೇ ಇವು. ಕೆಂಪು, ನೀಲಿ ಬೆಳಕು ಮೇಲಿನ ಪದರದಲ್ಲೇ ಮುಗಿದುಹೋಗುತ್ತದೆ. ಹಸಿರು ಬೆಳಕು ತಪ್ಪಿಸಿಕೊಳ್ಳುತ್ತಾ, ಗೋಡೆಯಿಂದ ಗೋಡೆಗೆ ಚೆದುರುತ್ತಾ ಒಳಗೆ ಇಳಿದು, ಕೊನೆಗೆ ಎಲ್ಲೋ ಸಿಕ್ಕಿಬೀಳುತ್ತದೆ. ಸಾಮಾನ್ಯ ಎಲೆಯೊಂದು ತನ್ನ ಮೇಲೆ ಬಿದ್ದ ಹಸಿರು ಬೆಳಕಿನಲ್ಲಿ ಮುಕ್ಕಾಲು ಪಾಲಿನಷ್ಟನ್ನು ಬಳಸಿಯೇ ಬಳಸುತ್ತದೆ. ಎಲೆಯ ತಳಭಾಗದ ಕೋಶಗಳು ಬದುಕುವುದು ಬಹುಮಟ್ಟಿಗೆ ಈ ಬೆಳಕಿನಿಂದಲೇ.

ಎಲೆ ನಿಜವಾಗಿ ಹೊರಗೆ ತಳ್ಳುವುದು ನಮಗೆ ಕಾಣದ ಇನ್ನೊಂದು ಬೆಳಕನ್ನು. ಕೆಂಪಿನ ಆಚೆಗಿರುವ ಅವಕೆಂಪಿನಲ್ಲಿ ಸುಮಾರು ಅರ್ಧದಷ್ಟನ್ನು ಅದು ಹಿಂದಕ್ಕೆ ಕಳಿಸುತ್ತದೆ. ಇಸ್ರೋದ ದೂರಸಂವೇದಿ ಉಪಗ್ರಹಗಳು, 1988ರ ಐಆರ್‌ಎಸ್-1ಎ ಮೊದಲ್ಗೊಂಡು, ಬೆಳೆ ಮತ್ತು ಕಾಡನ್ನು ಗುರುತಿಸುವುದು ಈ ಗುಣದಿಂದ.

ಹಾಗಾದರೆ ಎಲೆ ಕಪ್ಪಗೇಕಿಲ್ಲ?

ಪ್ರಶ್ನೆ ನ್ಯಾಯವಾದದ್ದು. ಬೆಳಕೇ ಊಟವಾದರೆ ಎಲ್ಲ ಬಣ್ಣವನ್ನೂ ಹೀರುವ ಕಪ್ಪು ಎಲೆಯಲ್ಲವೇ ಲೇಸು?

ಒಂದು ಉತ್ತರ ವಂಶದ್ದು. ಗಿಡಗಳು ಪತ್ರಹರಿತ್ತನ್ನು ತಾವಾಗಿ ಕಂಡುಹಿಡಿದವಲ್ಲ. ಭೂಮಿಯ ಗಾಳಿಗೆ ಆಮ್ಲಜನಕ ತುಂಬಲಾರಂಭಿಸಿದ ಸುಮಾರು 240 ಕೋಟಿ ವರ್ಷಗಳ ಹಿಂದೆಯೇ ಸಯನೊಬ್ಯಾಕ್ಟೀರಿಯಾಗಳ ಬಳಿ ಅದಿತ್ತು. ಅಂಥ ಒಂದು ಬ್ಯಾಕ್ಟೀರಿಯಾ ಬೇರೊಂದು ಕೋಶದೊಳಗೆ ಸೇರಿ ಅಲ್ಲೇ ನೆಲೆನಿಂತು ಕ್ಲೋರೋಪ್ಲಾಸ್ಟ್ ಆಯಿತು. ಸಮುದ್ರದಲ್ಲಿ ಕೆಂಪು, ಕಂದು ಪಾಚಿಗಳೂ ಇದ್ದವು, ಈಗಲೂ ಇವೆ. ಆದರೆ ಸುಮಾರು 47 ಕೋಟಿ ವರ್ಷಗಳ ಹಿಂದೆ ನೆಲ ಹತ್ತಿದ್ದು ಹಸಿರು ಪಾಚಿಯ ಕುಲ. ಹುಲ್ಲು, ಮಾವು, ರಾಗಿ, ತೇಗ ಎಲ್ಲವೂ ಆ ಕುಲದ ಮಕ್ಕಳು.

ಇನ್ನೊಂದು ಉತ್ತರ ಎಚ್ಚರಿಕೆಯದು. ಇದೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಎಲೆಗೆ ಸಿಗುವ ಬೆಳಕು ಅದು ಅರಗಿಸಿಕೊಳ್ಳುವುದಕ್ಕಿಂತ ಹೆಚ್ಚು. ಹೆಚ್ಚಾದದ್ದು ಎಲೆಯ ಯಂತ್ರವನ್ನೇ ಸುಡುತ್ತದೆ, ಹಾಗಾಗಿ ಹಳದಿ ವರ್ಣಕಗಳ ಮೂಲಕ ಅದನ್ನು ಶಾಖವಾಗಿ ಹೊರಹಾಕಬೇಕಾಗುತ್ತದೆ. ಮೋಡ ಸರಿದಾಗ, ಗಾಳಿಗೆ ಮೇಲಿನ ಕೊಂಬೆ ಅಲುಗಿದಾಗ ಬೆಳಕು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. 2020ರಲ್ಲಿ ಅಮೆರಿಕದ ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ನಥಾನಿಯಲ್ ಗೇಬರ್ ಅವರ ತಂಡ ಇದನ್ನು ಲೆಕ್ಕ ಹಾಕಿ ಒಂದು ಮಾದರಿ ಮಂಡಿಸಿತು. ಬಿಸಿಲಿನ ಶಕ್ತಿ ತುಂಬಿ ಬರುವ ಹಸಿರಿನ ಶಿಖರವನ್ನು ಬಿಟ್ಟು ಅದರ ಎರಡು ಬದಿಯ ಇಳಿಜಾರಿನಲ್ಲಿ ಬೆಳಕು ಹಿಡಿದರೆ ಒಳಹರಿವಿನ ಏರುಪೇರು ಕಡಿಮೆಯಾಗುತ್ತದೆ ಎಂಬುದು ಅದರ ವಾದ. ಕೆರೆ ತುಂಬಿತೆಂದು ಏರಿಯನ್ನೇ ಒಡೆದು ನೀರು ಬಿಡುವುದಿಲ್ಲ, ತೂಬಿನಲ್ಲಿ ಹದವಾಗಿ ಬಿಡುತ್ತೇವೆ. ಎಲೆಯೂ ಅದನ್ನೇ ಮಾಡುತ್ತಿರಬಹುದು.

ಹಸಿರಲ್ಲದ ಎಲೆಗಳು

ಮಾವು, ನೇರಳೆ, ಅಶ್ವತ್ಥಗಳ ಎಳೆ ಎಲೆ ತಾಮ್ರದ ಬಣ್ಣದ್ದು. ಅದಕ್ಕೆಂದೇ ಕನ್ನಡದಲ್ಲಿ ಕೆಂದಳಿರು ಎಂಬ ಪದವಿದೆ. ಬೆಳಕು ಹಿಡಿಯುವ ವ್ಯವಸ್ಥೆ ಇನ್ನೂ ಪೂರ್ತಿಯಾಗದ ಚಿಗುರಿಗೆ ಆಂಥೊಸಯನಿನ್ ಎಂಬ ಕೆಂಪು ಒಂದು ಮರೆ. ಕೆಂಪು ದಂಟಿನ ಸೊಪ್ಪಿನ ಕೆಂಪು ಬೇರೆ ಬಗೆಯದು. ಬೇಯಿಸಿದರೆ ಅದು ನೀರಿಗಿಳಿದು, ಅಡಗಿದ್ದ ಹಸಿರು ಕಾಣಿಸಿಕೊಳ್ಳುತ್ತದೆ. ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆ ಪರಾವಲಂಬಿಯಾದರೂ ಹಸಿರು. ಮರದಿಂದ ನೀರು, ಲವಣ ಎಳೆದುಕೊಂಡರೂ ಅಡುಗೆ ಅದರದೇ. ಬೇಲಿಯ ಮೇಲೆ ಹಳದಿ ನೂಲಿನಂತೆ ಹಬ್ಬುವ ಕಸ್ಕ್ಯೂಟ ಊಟವನ್ನೂ ಕದಿಯುವುದರಿಂದ ಅದಕ್ಕೆ ಹಸಿರು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಹಸಿರು ಮಾಯುವಾಗ

ನವರಾತ್ರಿಯಲ್ಲಿ ಘಟ್ಟ ಹಾಕುವ ಮನೆಗಳಲ್ಲಿ ದೇವರ ಮುಂದಿನ ಕತ್ತಲೆಗೆ ಮೊಳೆತ ಸಸಿ ತಿಳಿಹಳದಿಯಾಗಿ ಉದ್ದಕ್ಕೆ ಏಳುತ್ತದೆ. ಹೂ ಬಿಡುವ ಗಿಡಗಳು ಪತ್ರಹರಿತ್ತು ತಯಾರಿಸುವ ಕೊನೆಯ ಹಂತಗಳಲ್ಲೊಂದಕ್ಕೆ ಬೆಳಕೇ ಬೇಕು. ಅದರ ಹಿಂದಿನ ಹಂತದವರೆಗಿನ ಸರಕು ಕತ್ತಲಲ್ಲೂ ಸಿದ್ಧವಾಗಿರುತ್ತದೆ. ಅಂಥ ಸಸಿಯನ್ನು ಬಿಸಿಲಿಗಿಟ್ಟರೆ ಕೆಲವೇ ಗಂಟೆಗಳಲ್ಲಿ ಹಸಿರೇರುತ್ತದೆ.

ಗದ್ದೆಯವರು ಈ ಬಣ್ಣವನ್ನು ಓದಬಲ್ಲರು. ಎಲೆಯ ಸಾರಜನಕದ ಬಹುಪಾಲು ಇರುವುದು ಕ್ಲೋರೋಪ್ಲಾಸ್ಟ್‌ನಲ್ಲಿ. ಅದು ಸಾಲದಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ, ಬುಡದ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಸಾಲದಿದ್ದರೆ ತಿರುವುಮುರುವು: ಹಳದಿಯಾಗುವುದು ಎಳೆ ಎಲೆ, ನರ ಮಾತ್ರ ಹಸಿರು. ಭತ್ತದ ಎಲೆಯ ಪಕ್ಕಕ್ಕಿಟ್ಟು ಹೋಲಿಸಲು ಹಸಿರಿನ ಛಾಯೆಗಳ ಪ್ಲಾಸ್ಟಿಕ್ ಪಟ್ಟಿಯೇ ಸಿಗುತ್ತದೆ. ಯೂರಿಯಾ ಯಾವಾಗ ಹಾಕಬೇಕೆಂದು ಅದು ಹೇಳುತ್ತದೆ. ಕಡುಹಸಿರು ಕಂಡು ಹಿಗ್ಗಿ ಇನ್ನಷ್ಟು ಚೆಲ್ಲಿದರೆ ಪೈರು ಮಲಗುತ್ತದೆ, ಬೆಂಕಿ ರೋಗವೂ ಕಂದು ಜಿಗಿಹುಳುವೂ ಬರುತ್ತವೆ.

ಹುಲ್ಲಿನ ಮಾತಿಗೆ ಮರಳುವುದಾದರೆ, ಅದು ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ದನ ಮೇಯ್ದರೂ, ಬೇಸಿಗೆ ಒಣಗಿಸಿದರೂ ನೆಲಕ್ಕಂಟಿದ ಆ ಬೆಳೆಯುವ ಭಾಗ ಉಳಿದುಕೊಳ್ಳುತ್ತದೆ. ಒಂದು ಎಸಳನ್ನು ಮೆಲ್ಲಗೆ ಎಳೆದು ನೋಡಿ. ಕವಚದೊಳಗಿಂದ ಜಾರಿ ಬರುವ ತುದಿ ಬಿಳಿ, ಮೆತ್ತಗೆ, ಕಚ್ಚಿದರೆ ತುಸು ಸಿಹಿ. ಅದಕ್ಕೆ ಇನ್ನೂ ಬಿಸಿಲು ತಾಗಿಲ್ಲ.